ಬಲಿ ಕೊಟ್ಟು ಗೆಲ್ಲುವ ಡೆಕ್: ಕಮಾಂಡರ್ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರಿಗೆ ತಮ್ಮ ಕ್ರೀಚರ್ (ಹೋರಾಡುವ ಜೀವಿಯ ಕಾರ್ಡ್) ಸತ್ತರೆ ಬೇಜಾರಾಗುವುದು ಸಹಜ. ಬಲಿ ಡೆಕ್‌ನಲ್ಲಿ ಎಲ್ಲ ಉಲ್ಟಾ. ಇಲ್ಲಿ ನಮ್ಮ ಕ್ರೀಚರ್‌ಗಳನ್ನು ನಾವೇ ಕೊಲ್ಲುತ್ತೇವೆ. ಒಂದೊಂದು ಸಾವಿಗೂ ಎದುರಾಳಿಗಳ ಲೈಫ್ ಇಳಿಯುತ್ತದೆ, ನಮ್ಮದು ಏರುತ್ತದೆ, ಕೈಗೆ ಹೊಸ ಕಾರ್ಡ್ ಬರುತ್ತದೆ. ಒಂದು ಸಲವೂ ಅಟ್ಯಾಕ್ ಮಾಡದೆ ಆಟ ಮುಗಿಸಿದರೂ ಆಶ್ಚರ್ಯವಿಲ್ಲ.

ಈ ಬಗೆಯ ಡೆಕ್‌ಗೆ ಆಟಗಾರರು ಅರಿಸ್ಟೊಕ್ರಾಟ್ಸ್ ಎನ್ನುತ್ತಾರೆ. 2013ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಪ್ರೊ ಟೂರ್ ಗೇಟ್‌ಕ್ರ್ಯಾಶ್ ಎಂಬ ಟೂರ್ನಿಯನ್ನು ಟಾಮ್ ಮಾರ್ಟೆಲ್ ಗೆದ್ದದ್ದು ಇದೇ ಹೆಸರಿನ ಡೆಕ್‌ನಿಂದ. ಅದರಲ್ಲಿದ್ದ ಕಾರ್ಟೆಲ್ ಅರಿಸ್ಟೊಕ್ರಾಟ್ ಮತ್ತು ಫಾಲ್ಕನ್‌ರಾತ್ ಅರಿಸ್ಟೊಕ್ರಾಟ್ ಎಂಬ ಎರಡು ಕಾರ್ಡ್‌ಗಳಿಂದ ಈ ಹೆಸರು ಬಂತು. ಆದರೆ ಅದು ಇಬ್ಬರ ಆಟ, ತಲಾ 20 ಲೈಫ್. ಕಮಾಂಡರ್ ಎಂಬ ಬಗೆಯ ಆಟದಲ್ಲಿ ಸಾಮಾನ್ಯವಾಗಿ ನಾಲ್ವರು ಕೂರುತ್ತಾರೆ, ತಲಾ 40 ಲೈಫ್, ಡೆಕ್ ಮುನ್ನಡೆಸುವ ‘ಕಮಾಂಡರ್’ ಕಾರ್ಡ್ ಸೇರಿ 100 ಕಾರ್ಡ್‌ಗಳ ಡೆಕ್, ಬೇಸಿಕ್ ಲ್ಯಾಂಡ್ ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. ಇಬ್ಬರ ಆಟದ ಲೆಕ್ಕವನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಹಾಗಾಗಿ ಕಾರ್ಡ್ ಆರಿಸುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಮೊದಲು ಲೆಕ್ಕ

ಮೂವರು ಎದುರಾಳಿಗಳು, ತಲಾ 40. ಒಟ್ಟು 120 ಲೈಫ್ ಇಳಿಸಬೇಕು.

ಬ್ಲಡ್ ಆರ್ಟಿಸ್ಟ್ ಎಲ್ಲರಿಗೂ ಗೊತ್ತಿರುವ ಕಾರ್ಡ್. ಯಾವುದೇ ಕ್ರೀಚರ್ ಸತ್ತಾಗ ನೀವು ಗುರಿ ಮಾಡಿದ ಒಬ್ಬ ಆಟಗಾರನ ಲೈಫ್ 1 ಇಳಿಯುತ್ತದೆ, ನಿಮ್ಮದು 1 ಏರುತ್ತದೆ. ಇದೊಂದನ್ನೇ ನಂಬಿದರೆ ಟೇಬಲ್ ಖಾಲಿ ಮಾಡಲು 120 ಸಾವು ಬೇಕು. ಜುಲಾಪೋರ್ಟ್ ಕಟ್‌ಥ್ರೋಟ್ ಹಾಗಲ್ಲ. ನಿಮ್ಮ ಕ್ರೀಚರ್ ಸತ್ತಾಗ ಪ್ರತಿ ಎದುರಾಳಿಯೂ 1 ಲೈಫ್ ಕಳೆದುಕೊಳ್ಳುತ್ತಾನೆ. ಅಂದರೆ 40 ಸಾವು ಸಾಕು. ಎರಡು ಕಾರ್ಡ್‌ಗೂ ಬೇಕಾಗುವುದು ತಲಾ 2 ಮನಾ (ಕಾರ್ಡ್ ಇಳಿಸಲು ಕೊಡುವ ಶಕ್ತಿ, ಮುಖ್ಯವಾಗಿ ಲ್ಯಾಂಡ್ ಕಾರ್ಡ್‌ಗಳಿಂದ ಬರುತ್ತದೆ). ಒಬ್ಬರಿಗೇ ಏಟೋ ಎಲ್ಲರಿಗೂ ಏಟೋ ಎಂಬ ಈ ವ್ಯತ್ಯಾಸವೇ ನಾಲ್ವರ ಟೇಬಲ್‌ನಲ್ಲಿ ಅರ್ಧ ಆಟ.

ಕಟ್‌ಥ್ರೋಟ್‌ನಂಥ ಕಾರ್ಡ್ ಎರಡು ಇದ್ದರೆ 20 ಸಾವು. ಸಾವಿನ ಟ್ರಿಗರ್‌ಗಳನ್ನು (ಕ್ರೀಚರ್ ಸತ್ತಾಗ ತಾನಾಗಿ ನಡೆಯುವ ಪರಿಣಾಮಗಳನ್ನು) ದುಪ್ಪಟ್ಟು ಮಾಡುವ ಕಾರ್ಡ್ ಜೊತೆಗಿದ್ದರೆ 10. ಹತ್ತು ಸಾವು ಅಂದರೆ ಒಂದೇ ಟರ್ನ್‌ನಲ್ಲಿ ಆಗುವ ಮಾತು. ಡೆಕ್ ಕಟ್ಟುವುದು ಈ ಹತ್ತರ ಸುತ್ತ.

ಕಮಾಂಡರ್ ಯಾರು?

ಆ ದುಪ್ಪಟ್ಟು ಮಾಡುವ ಕೆಲಸವನ್ನು ಟೇಸಾ ಕಾರ್ಲೋವ್ ಮಾಡುತ್ತಾಳೆ. 2019ರ ರಾವ್ನಿಕಾ ಅಲೀಜಿಯನ್ಸ್ ಸೆಟ್‌ನ ಕಾರ್ಡ್, ಬಿಳಿ ಮತ್ತು ಕಪ್ಪು ಬಣ್ಣ, 4 ಮನಾ. ಕ್ರೀಚರ್ ಸತ್ತದ್ದರಿಂದ ನಿಮ್ಮ ಯಾವುದಾದರೂ ಪರ್ಮನೆಂಟ್‌ನ (ಟೇಬಲ್ ಮೇಲೆ ಇಳಿದು ಉಳಿಯುವ ಕಾರ್ಡ್‌ನ) ಟ್ರಿಗರ್ ಕೆಲಸ ಮಾಡಿದರೆ ಅದು ಇನ್ನೊಂದು ಸಲ ಕೆಲಸ ಮಾಡುತ್ತದೆ. ಈ ಮಾರ್ಗದರ್ಶಿಯಲ್ಲಿ ಅವಳನ್ನೇ ಇಟ್ಟುಕೊಂಡು ಕಟ್ಟುತ್ತೇನೆ.

ಬೇರೆಯವರೂ ಇದ್ದಾರೆ. ಕೊರ್ವೋಲ್ಡ್ ನೀವು ಏನನ್ನೇ ಬಲಿ ಕೊಟ್ಟರೂ ಕಾರ್ಡ್ ಕೊಡುತ್ತಾನೆ, ಬೆಳೆಯುತ್ತಲೂ ಹೋಗುತ್ತಾನೆ. ಶಕ್ತಿಯಲ್ಲಿ ಟೇಸಾಗಿಂತ ಮೇಲು. ಅದಕ್ಕೇ ಅವನನ್ನು ಕಂಡ ಕೂಡಲೇ ಟೇಬಲ್ ಎಚ್ಚರವಾಗುತ್ತದೆ. ಯಾಗ್‌ಮೋತ್ ತಾನೇ ಬಲಿಯ ಜಾಗ: 1 ಲೈಫ್ ಕೊಟ್ಟು ಬೇರೊಂದು ಕ್ರೀಚರ್ ಬಲಿ ಕೊಟ್ಟರೆ ಒಂದು ಕಾರ್ಡ್. ಆದರೆ ಬರೀ ಕಪ್ಪು ಬಣ್ಣದವನು, ಎದುರಾಳಿಯ ಎನ್‌ಚಾಂಟ್‌ಮೆಂಟ್ (ಟೇಬಲ್ ಮೇಲೆ ಉಳಿದು ಕೆಲಸ ಮಾಡುವ ಮಂತ್ರದ ಕಾರ್ಡ್) ಕಿತ್ತುಹಾಕುವುದು ಕಷ್ಟ. ಮೆರೆನ್ ಗ್ರೇವ್‌ಯಾರ್ಡ್‌ನಿಂದ (ಸತ್ತ, ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಿಂದ) ಕ್ರೀಚರ್ ವಾಪಸ್ ತರುವವಳು, ನಿಧಾನದ ಆಟ ಇಷ್ಟಪಡುವವರಿಗೆ. ಎಲಾಸ್ ಇಲ್-ಕೋರ್ ಬರೀ 2 ಮನಾಗೆ ತಾನೇ ಡ್ರೇನ್ ಮಾಡುತ್ತಾನೆ, ಅಂದರೆ ಎದುರಾಳಿಗಳ ಲೈಫ್ ಇಳಿಸುತ್ತಾನೆ. ಹೊಸಬರಿಗೆ ಟೇಸಾಗಿಂತ ಸುಲಭ ಇವನು ಅಂತಲೇ ನನಗನ್ನಿಸುತ್ತದೆ. ಬಣ್ಣ ಎರಡೂ ಒಂದೇ ಆದ್ದರಿಂದ ಮುಂದೆ ಹೇಳುವ ಕಾರ್ಡ್‌ಗಳು ಇವನ ಡೆಕ್‌ಗೂ ಹೊಂದುತ್ತವೆ.

ಟೇಸಾ ಬಗ್ಗೆ ಒಂದು ಸೂಕ್ಷ್ಮ ಈಗಲೇ ತಿಳಿದುಕೊಳ್ಳಿ. ಕಾರ್ಡ್ ಮೇಲೆ ‘ಸತ್ತಾಗ’ ಎಂದಿದ್ದರೆ ಮಾತ್ರ ದುಪ್ಪಟ್ಟು. ‘ಬಲಿ ಕೊಟ್ಟಾಗ’ ಎಂದಿದ್ದರೆ ಒಂದೇ ಸಲ. ಮರ್ಕ್‌ವುಡ್ ಬ್ಯಾಟ್ಸ್ ಒಳ್ಳೆಯ ಕಾರ್ಡೇ, ಆದರೆ ಅದು ಲೆಕ್ಕಕ್ಕಿಡುವುದು ಟೋಕನ್ (ಡೆಕ್‌ನಲ್ಲಿಲ್ಲದೆ ಬೇರೆ ಕಾರ್ಡ್‌ನಿಂದ ಹುಟ್ಟುವಂಥದ್ದು) ಹುಟ್ಟಿದ್ದನ್ನು ಮತ್ತು ಬಲಿಯಾದದ್ದನ್ನು. ಟೇಸಾ ಅದಕ್ಕೆ ಏನೂ ಸೇರಿಸುವುದಿಲ್ಲ.

ಔಟ್‌ಲೆಟ್: ಇಲ್ಲಿ ಜಿಪುಣತನ ಬೇಡ

ಹೊಸಬರ ಬಲಿ ಡೆಕ್ ನೋಡಿದರೆ ಡ್ರೇನ್ ಕಾರ್ಡ್ ರಾಶಿ ಇರುತ್ತದೆ, ಬಲಿ ಕೊಡಲು ಜಾಗ, ಅಂದರೆ ಔಟ್‌ಲೆಟ್ ಕಾರ್ಡ್, ಮಾತ್ರ ಮೂರೋ ನಾಲ್ಕೋ. ಆಟ ಶುರುವಾದ ಮೇಲೆ ಕ್ರೀಚರ್‌ಗಳೆಲ್ಲ ಸುಮ್ನೆ ನಿಂತಿರುತ್ತವೆ, ಸಾಯಿಸುವ ದಾರಿ ಇಲ್ಲ. ಯಾರಾದರೂ ಕೊಲ್ಲಲಿ ಅಂತ ಕಾಯಬೇಕು. ಅದು ಬಲಿ ಡೆಕ್ ಅಲ್ಲ, ಬರೀ ಬಡಪಾಯಿ ಕ್ರೀಚರ್‌ಗಳ ಡೆಕ್.

ಎಷ್ಟು ಬೇಕು? ಕಮಾಂಡರ್ ಬಿಟ್ಟರೆ ಡೆಕ್‌ನಲ್ಲಿ 99 ಕಾರ್ಡ್. ಮೊದಲ ಕೈ 7, ನಾಲ್ಕನೇ ಟರ್ನ್ ಹೊತ್ತಿಗೆ ಒಟ್ಟು 11 ಕಾರ್ಡ್ ನೋಡಿರುತ್ತೀರಿ (ನಾಲ್ವರ ಆಟದಲ್ಲಿ ಮೊದಲು ಆಡುವವನೂ ಕಾರ್ಡ್ ಎಳೆಯುತ್ತಾನೆ). 8 ಔಟ್‌ಲೆಟ್ ಇದ್ದರೆ ಅಷ್ಟರೊಳಗೆ ಒಂದಾದರೂ ಸಿಗುವ ಸಾಧ್ಯತೆ ಸುಮಾರು 62%. 10 ಇದ್ದರೆ 71%. 12 ಇದ್ದರೆ 78%. ನಾನು 10ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಎಲ್ಲ ಔಟ್‌ಲೆಟ್ ಒಂದೇ ಅಲ್ಲ. ಮೂರು ಪ್ರಶ್ನೆ ಕೇಳಿ. ಬಲಿ ಕೊಡಲು ಮನಾ ಬೇಕಾ? ಒಂದೇ ಟರ್ನ್‌ನಲ್ಲಿ ಎಷ್ಟು ಸಲ ಬೇಕಾದರೂ ಕೊಡಬಹುದಾ? ಎದುರಾಳಿಯ ಟರ್ನ್‌ನಲ್ಲೂ ನಡೆಯುತ್ತದಾ? ಮೂರಕ್ಕೂ ಒಳ್ಳೆಯ ಉತ್ತರ ಬಂದರೆ ಅದು ಮೊದಲ ದರ್ಜೆ.

ವಿಸೆರಾ ಸೀಯರ್ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸ್. 1 ಮನಾ ಕ್ರೀಚರ್. ಬಲಿಗೆ ಮನಾ ಬೇಡ, ಪ್ರತಿ ಬಲಿಗೂ ಸ್ಕ್ರೈ 1, ಅಂದರೆ ಡೆಕ್‌ನ ಮೇಲಿನ ಕಾರ್ಡ್ ನೋಡಿ ಬೇಡವಾದರೆ ಕೆಳಗೆ ಕಳಿಸಬಹುದು. ಟ್ಯಾಪ್ ಮಾಡುವ (ಬಳಸಿದ ಗುರುತಾಗಿ ಕಾರ್ಡನ್ನು ಅಡ್ಡ ತಿರುಗಿಸುವ) ಅಗತ್ಯ ಇಲ್ಲದ್ದರಿಂದ ಇಳಿಸಿದ ಟರ್ನ್‌ನಲ್ಲೇ ಕೆಲಸ ಶುರು. ಕ್ಯಾರಿಯನ್ ಫೀಡರ್, ವೋ ಸ್ಟ್ರೈಡರ್, ಯಾಹೆನ್ನಿ, ಕಾರ್ಟೆಲ್ ಅರಿಸ್ಟೊಕ್ರಾಟ್, ಬ್ಲಡ್‌ಥ್ರೋನ್ ವ್ಯಾಂಪೈರ್ ಇದೇ ಜಾತಿಯವು. ವೋ ಸ್ಟ್ರೈಡರ್ ಬರುವಾಗಲೇ ಒಂದು ಆಡಿನ ಟೋಕನ್ ತರುತ್ತದೆ, ಮೊದಲ ಬಲಿ ಅದರ ಜೊತೆಯಲ್ಲೇ ಬಂದ ಹಾಗಾಯಿತು.

ಆದರೆ ಕ್ರೀಚರ್ ರೂಪದ ಔಟ್‌ಲೆಟ್ ಬೇಗ ಸಾಯುತ್ತವೆ. ಹಾಗಾಗಿ ಕ್ರೀಚರ್ ಅಲ್ಲದವೂ ನಾಲ್ಕಾದರೂ ಇರಲಿ. ಆಶ್‌ನಾಡ್ಸ್ ಆಲ್ಟರ್ ಒಂದು ಬಲಿಗೆ ಬಣ್ಣವಿಲ್ಲದ 2 ಮನಾ ಕೊಡುತ್ತದೆ. ಫೈರೆಕ್ಸಿಯನ್ ಆಲ್ಟರ್ ಯಾವುದೇ ಬಣ್ಣದ 1 ಮನಾ ಕೊಡುತ್ತದೆ. ಎರಡನೆಯದು ದುಬಾರಿ ಕಾರ್ಡ್, ಶುರುವಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಆಲ್ಟರ್ ಆಫ್ ಡಿಮೆನ್ಷಿಯಾ ಬಲಿಯಾದ ಕ್ರೀಚರ್‌ನ ಪವರ್‌ನಷ್ಟು ಕಾರ್ಡನ್ನು ಯಾರದಾದರೂ ಡೆಕ್‌ನಿಂದ ಗ್ರೇವ್‌ಯಾರ್ಡ್‌ಗೆ ತಳ್ಳುತ್ತದೆ. ಹೈ ಮಾರ್ಕೆಟ್ ಲ್ಯಾಂಡ್. ಟ್ಯಾಪ್ ಮಾಡಬೇಕು, ಹಾಗಾಗಿ ಒಂದು ಸುತ್ತಿಗೆ ಒಂದೇ ಬಲಿ. ಆದರೂ ಅದು ಡೆಕ್‌ನಲ್ಲಿ ಬೇರೆ ಕಾರ್ಡ್‌ನ ಜಾಗ ತಿನ್ನುವುದಿಲ್ಲ, ಸುಲಭವಾಗಿ ಯಾರೂ ನಾಶ ಮಾಡುವುದೂ ಇಲ್ಲ. ಕಣ್ಣು ಮುಚ್ಚಿ ಹಾಕಿ.

ವಿಲೇಜ್ ರೈಟ್ಸ್, ಡೆಡ್ಲಿ ಡಿಸ್ಪ್ಯೂಟ್ ಥರದ ಇನ್‌ಸ್ಟಂಟ್‌ಗಳು ಔಟ್‌ಲೆಟ್ ಲೆಕ್ಕಕ್ಕೆ ಬರುವುದಿಲ್ಲ. ಒಂದು ಬಲಿ, ಎರಡು ಕಾರ್ಡ್, ಮುಗೀತು. ಅವು ಕಾರ್ಡ್ ಎಳೆಯುವ ಲೆಕ್ಕಕ್ಕೆ.

ಡ್ರೇನ್ ಕಾರ್ಡ್‌ಗಳು

ಇದು ಚಿಕ್ಕ ಭಾಗ, ಏಕೆಂದರೆ ಆಯ್ಕೆ ಸುಲಭ. ಕಟ್‌ಥ್ರೋಟ್, ಕ್ರೂಯಲ್ ಸೆಲೆಬ್ರಂಟ್, ಬ್ಲಡ್ ಆರ್ಟಿಸ್ಟ್, ಎಲಾಸ್ ಇಲ್-ಕೋರ್ ನಾಲ್ಕೂ 2 ಮನಾ. ಬ್ಯಾಸ್ಟಿಯನ್ ಆಫ್ ರಿಮೆಂಬ್ರನ್ಸ್ 3 ಮನಾ, ಎನ್‌ಚಾಂಟ್‌ಮೆಂಟ್. ಕ್ರೀಚರ್‌ಗಳನ್ನೆಲ್ಲ ಗುಡಿಸಿ ಹಾಕುವ ಬೋರ್ಡ್ ವೈಪ್ ಬಂದರೂ ಅದು ಉಳಿಯುತ್ತದೆ. ನನ್ನ ಮಟ್ಟಿಗೆ ಈ ಡೆಕ್‌ನ ಅತ್ಯುತ್ತಮ ಡ್ರೇನ್ ಕಾರ್ಡ್ ಅದೇ. ಸರ್ ಕೊನ್ರಾಡ್ 5 ಮನಾ, ಭಾರ ಜಾಸ್ತಿ, ಆದರೆ ಬೇರೆಯವರ ಕ್ರೀಚರ್ ಸತ್ತಾಗಲೂ ಎಲ್ಲ ಎದುರಾಳಿಗಳಿಗೂ ಏಟು ಹಾಕುತ್ತಾನೆ. ಒಟ್ಟು 8–9 ಸಾಕು. ಒಂದೇ ಕೈಯಲ್ಲಿ ಮೂರು ಡ್ರೇನ್ ಕಾರ್ಡ್ ಬಂದು ಬಲಿಪಶುವೇ ಇಲ್ಲದಿದ್ದರೆ ಆ ಕೈ ದಂಡ.

ಬಲಿಪಶುಗಳು: ಅಗ್ಗ ಇರಲಿ, ಮತ್ತೆ ಮತ್ತೆ ಬರಲಿ

ಇಲ್ಲಿ ಆಸೆ ಬಿಡಬೇಕು. ಚೆಂದದ ದೊಡ್ಡ ಕ್ರೀಚರ್ ಕಂಡರೆ ಹಾಕೋಣ ಅನಿಸುತ್ತದೆ. ಆದರೆ 6 ಮನಾ ಕ್ರೀಚರ್ ಸತ್ತರೂ ಕಟ್‌ಥ್ರೋಟ್ ಇಳಿಸುವುದು 1 ಲೈಫ್, ಪುಟ್ಟ ಟೋಕನ್ ಸತ್ತರೂ 1 ಲೈಫ್. ಈ ಡೆಕ್‌ಗೆ ಕ್ರೀಚರ್‌ನ ಗಾತ್ರ ಮುಖ್ಯವಲ್ಲ, ಒಂದು ಕಾರ್ಡ್‌ನಿಂದ ಎಷ್ಟು ಸಾವು ಸಿಗುತ್ತದೆ ಎನ್ನುವುದು ಮುಖ್ಯ.

ಡೂಮ್ಡ್ ಟ್ರಾವೆಲರ್ ನೋಡಿ. 1 ಮನಾ, 1/1 (ಪವರ್ ಅಂದರೆ ಹೊಡೆತ 1, ಟಫ್‌ನೆಸ್ ಅಂದರೆ ತಾಳಿಕೆ 1). ಸತ್ತರೆ ಹಾರುವ 1/1 ಸ್ಪಿರಿಟ್ ಟೋಕನ್ ಬಿಟ್ಟುಹೋಗುತ್ತಾನೆ. ಒಂದು ಕಾರ್ಡ್, ಎರಡು ಸಾವು. ಟೇಸಾ ಇದ್ದರೆ ಎರಡು ಸ್ಪಿರಿಟ್, ಅಲ್ಲಿಗೆ ಮೂರು ಸಾವು. ಹಂಟೆಡ್ ವಿಟ್ನೆಸ್ ಕೂಡ ಹೀಗೇ, ಅವನದು ಸೈನಿಕ ಟೋಕನ್. ಆಫ್ಟರ್‌ಲೈಫ್ (ಸತ್ತಾಗ ಅಷ್ಟು ಸ್ಪಿರಿಟ್ ಟೋಕನ್ ಕೊಡುವ ಗುಣ) ಇರುವ ಕಾರ್ಡ್‌ಗಳೆಲ್ಲ ಟೇಸಾಗೆ ಹೇಳಿ ಮಾಡಿಸಿದಂತಿವೆ: ಆರ್ಜೋವ್ ಎನ್‌ಫೋರ್ಸರ್, ಇಂಪೀರಿಯಸ್ ಆಲಿಗಾರ್ಕ್, ಮಿನಿಸ್ಟ್ರಂಟ್ ಆಫ್ ಆಬ್ಲಿಗೇಶನ್. ಕೊನೆಯದರ ಆಫ್ಟರ್‌ಲೈಫ್ 2, ಟೇಸಾ ಇದ್ದರೆ ನಾಲ್ಕು ಸ್ಪಿರಿಟ್, ಒಟ್ಟು ಐದು ಸಾವು.

ಇನ್ನೊಂದು ಗುಂಪು ತಾನಾಗಿಯೇ ಟೋಕನ್ ಹುಟ್ಟಿಸುವವು. ಬಿಟರ್‌ಬ್ಲಾಸಮ್ ನಿಮ್ಮ ಪ್ರತಿ ಟರ್ನ್ ಶುರುವಿನಲ್ಲಿ 1 ಲೈಫ್ ತಿಂದು ಹಾರುವ ಟೋಕನ್ ಒಂದನ್ನು ಕೊಡುತ್ತದೆ. ಆದರೆ ನಾಲ್ವರ ಟೇಬಲ್‌ಗೆ ನನ್ನ ಮೆಚ್ಚಿನದು ಓಫಿಯೋಮ್ಯಾನ್ಸರ್. 3 ಮನಾ. ಯಾರ ಟರ್ನ್ ಆದರೂ ಸರಿ, ಅಪ್‌ಕೀಪ್ (ಟರ್ನ್‌ನ ಆರಂಭದ ಹಂತ) ಶುರುವಿನಲ್ಲಿ ನಿಮ್ಮ ಬಳಿ ಹಾವು ಇಲ್ಲದಿದ್ದರೆ ಒಂದು 1/1 ಹಾವಿನ ಟೋಕನ್ ಬರುತ್ತದೆ, ಅದಕ್ಕೆ ಡೆತ್‌ಟಚ್ (ತಾನು ಏಟು ಕೊಟ್ಟ ಕ್ರೀಚರ್ ಸಾಯುವ ಗುಣ) ಬೇರೆ. ನಾಲ್ವರು ಆಡುವಾಗ ಒಂದು ಸುತ್ತಿಗೆ ನಾಲ್ಕು ಹಾವು! ಷರತ್ತು ಒಂದೇ. ಹಳೆಯ ಹಾವನ್ನು ಮುಂದಿನ ಅಪ್‌ಕೀಪ್‌ಗೆ ಮೊದಲೇ ಬಲಿ ಕೊಟ್ಟಿರಬೇಕು. ಟರ್ನ್ ಮುಗಿಯುವ ತನಕ ಹಾವನ್ನು ಬ್ಲಾಕರ್ ಆಗಿ ನಿಲ್ಲಿಸಿ, ಎಂಡ್ ಸ್ಟೆಪ್‌ನಲ್ಲಿ ಬಲಿ ಕೊಡಿ. ಡೆತ್‌ಟಚ್ ಹಾವಿನ ಮೇಲೆ ಏರಿ ಬರಲು ಯಾರಿಗೂ ಅಷ್ಟಾಗಿ ಮನಸ್ಸಾಗುವುದಿಲ್ಲ.

ಮೂರನೇ ಗುಂಪು ಗ್ರೇವ್‌ಯಾರ್ಡ್‌ನಿಂದ ತಾವೇ ಎದ್ದು ಬರುವವು. ರೀಅಸೆಂಬ್ಲಿಂಗ್ ಸ್ಕೆಲಿಟನ್‌ಗೆ 2 ಮನಾ ಕೊಟ್ಟರೆ ವಾಪಸ್. ಬ್ಲಡ್‌ಗಾಸ್ಟ್ ಲ್ಯಾಂಡ್ ಇಳಿಸಿದಾಗ ವಾಪಸ್. ಗ್ರೇವ್‌ಕ್ರಾಲರ್ ನಿಮ್ಮ ಬಳಿ ಒಂದು ಜಾಂಬಿ ಇರುವ ತನಕ 1 ಮನಾಗೆ ಮತ್ತೆ ಕಾಸ್ಟ್ ಆಗುತ್ತದೆ. ಕ್ಯಾರಿಯನ್ ಫೀಡರ್ ಜಾಂಬಿಯೇ, ಅದನ್ನು ಮರೆಯಬೇಡಿ.

ಮೂರೂ ಗುಂಪು ಸೇರಿ 18 ಕಾರ್ಡ್.

ಕಾರ್ಡ್ ಎಳೆಯುವುದು

ಸಣ್ಣ ಕ್ರೀಚರ್‌ಗಳನ್ನು ಸಾಯಿಸುತ್ತಾ ಹೋದರೆ ಕೈ ಬೇಗ ಖಾಲಿಯಾಗುತ್ತದೆ. ಹಾಗಾಗಿ ಸಾವಿನಿಂದಲೇ ಕಾರ್ಡ್ ಬರಬೇಕು.

ಸ್ಕಲ್‌ಕ್ಲ್ಯಾಂಪ್ ಮೊದಲ ಆಯ್ಕೆ. 2004ರಲ್ಲಿ ಬಂತು, ಅದೇ ವರ್ಷ ಸ್ಟಾಂಡರ್ಡ್ ಎಂಬ ಬಗೆಯ ಆಟದಲ್ಲಿ ನಿಷೇಧವಾಯಿತು. ಕಮಾಂಡರ್‌ನಲ್ಲಿ ಮಾತ್ರ ಆರಾಮಾಗಿ ಆಡಬಹುದು. 1/1 ಟೋಕನ್‌ಗೆ 1 ಮನಾ ಕೊಟ್ಟು ತೊಡಿಸಿದರೆ ಟಫ್‌ನೆಸ್ 0 ಆಗಿ ಅದು ಅಲ್ಲೇ ಸಾಯುತ್ತದೆ, ಎರಡು ಕಾರ್ಡ್ ಕೈಗೆ. ಟೇಸಾ ಇದ್ದರೆ ನಾಲ್ಕು. ಈ ಒಂದು ಕಾರಣಕ್ಕೇ ನಿಮ್ಮ ಟೋಕನ್‌ಗಳಿಗೆ +1/+1 ಕೊಡುವ ಕಾರ್ಡ್‌ಗಳನ್ನು ಈ ಡೆಕ್‌ನಿಂದ ದೂರ ಇಡಿ. ಟೋಕನ್ 2/2 ಆದರೆ ಸ್ಕಲ್‌ಕ್ಲ್ಯಾಂಪ್ ಹಾಕಿದರೂ ಸಾಯುವುದಿಲ್ಲ.

ಮಾರ್ಬಿಡ್ ಆಪರ್ಚುನಿಸ್ಟ್ ಬೇರೆ ಕ್ರೀಚರ್ ಸತ್ತಾಗ ಕಾರ್ಡ್ ಕೊಡುತ್ತಾನೆ, ಆದರೆ ಒಂದು ಟರ್ನ್‌ಗೆ ಒಂದೇ ಸಲ. ಇಬ್ಬರ ಆಟದಲ್ಲಿ ಇದು ಸಾಧಾರಣ. ನಾಲ್ವರ ಆಟದಲ್ಲಿ ಟರ್ನ್ ಅಂದರೆ ನಿಮ್ಮದು ಮಾತ್ರ ಅಲ್ಲ. ಪ್ರತಿ ಎದುರಾಳಿಯ ಟರ್ನ್‌ನಲ್ಲೂ ಒಂದೊಂದು ಬಲಿ ಕೊಟ್ಟರೆ ಸುತ್ತಿಗೆ ನಾಲ್ಕು ಕಾರ್ಡ್.

ಈಗ ನಾಲ್ಕು ಕಾರ್ಡ್ ಜೋಡಿಸಿ ನೋಡಿ: ಓಫಿಯೋಮ್ಯಾನ್ಸರ್, ವಿಸೆರಾ ಸೀಯರ್, ಮಾರ್ಬಿಡ್ ಆಪರ್ಚುನಿಸ್ಟ್, ಕಟ್‌ಥ್ರೋಟ್. ಒಟ್ಟು 9 ಮನಾ, ಮೂರು ನಾಲ್ಕು ಟರ್ನ್‌ಗಳಲ್ಲಿ ಇಳಿಸಬಹುದು. ಆಮೇಲೆ ಮನಾ ಖರ್ಚೇ ಇಲ್ಲ. ಒಂದು ಸುತ್ತಿಗೆ ನಾಲ್ಕು ಹಾವು ಸಾಯುತ್ತವೆ, ನಾಲ್ಕು ಸ್ಕ್ರೈ, ನಾಲ್ಕು ಕಾರ್ಡ್, ಪ್ರತಿ ಎದುರಾಳಿಗೂ 4 ಲೈಫ್ ನಷ್ಟ, ನಿಮಗೆ 4 ಲಾಭ. ನಿಮ್ಮ ಮನಾ ಪೂರ್ತಿ ಬೇರೆ ಕೆಲಸಕ್ಕೆ ಉಳಿಯುತ್ತದೆ. ಡೆಕ್ ಸರಿಯಾಗಿದೆಯಾ ಅಂತ ನೋಡಲು ಇಂಥ ಜೋಡಣೆಗಳು ಎಷ್ಟು ಬಗೆಯಲ್ಲಿ ಆಗುತ್ತವೆ ಎಂದು ಎಣಿಸುವುದೇ ಒಳ್ಳೆಯ ದಾರಿ.

ಮಿಡ್‌ನೈಟ್ ರೀಪರ್, ಗ್ರಿಮ್ ಹಾರಸ್ಪೆಕ್ಸ್ ಇಬ್ಬರೂ ಟೋಕನ್ ಸತ್ತರೆ ಕಾರ್ಡ್ ಕೊಡುವುದಿಲ್ಲ. ನಿಮ್ಮದು ಟೋಕನ್ ಜಾಸ್ತಿ ಇರುವ ಡೆಕ್ ಆದರೆ ಇಬ್ಬರಲ್ಲಿ ಒಬ್ಬ ಸಾಕು.

ಉಳಿದ ಕಾರ್ಡ್‌ಗಳು

ನಾನು ಹಾಕುವ ಹಂಚಿಕೆ ಹೀಗಿದೆ: ಲ್ಯಾಂಡ್ 36, ಮನಾ ಕೊಡುವ ಆರ್ಟಿಫ್ಯಾಕ್ಟ್ ಮತ್ತು ಪಿಟಿಲೆಸ್ ಪ್ಲಂಡರರ್ ಸೇರಿ 8, ಔಟ್‌ಲೆಟ್ 10, ಡ್ರೇನ್ 9, ಬಲಿಪಶು 18, ಗ್ರೇವ್‌ಯಾರ್ಡ್‌ನಿಂದ ಎಬ್ಬಿಸುವವು 4, ಕಾರ್ಡ್ ಎಳೆಯುವವು 7, ಎದುರಾಳಿಯ ಕಾರ್ಡ್ ತೆಗೆಯುವವು 7. ಒಟ್ಟು 99. ಹೈ ಮಾರ್ಕೆಟ್ 36ರ ಒಳಗೇ ಬರುತ್ತದೆ, ಹಾಗಾಗಿ ಔಟ್‌ಲೆಟ್ ನಿಜದಲ್ಲಿ 11.

ಲ್ಯಾಂಡ್‌ಗಳಲ್ಲಿ ಕಪ್ಪು ಮನಾಗೆ ಮೊದಲ ಮಣೆ. ಮೊದಲ ಟರ್ನ್‌ನಲ್ಲೇ ಸೀಯರ್ ಇಳಿಸಬೇಕಲ್ವಾ. ಸೋಲ್ ರಿಂಗ್, ಆರ್ಕೇನ್ ಸಿಗ್ನೆಟ್, ಆರ್ಜೋವ್ ಸಿಗ್ನೆಟ್ ಮಾಮೂಲು. ಎಬ್ಬಿಸುವ ಕಾರ್ಡ್‌ಗಳಲ್ಲಿ ವಿಕ್ಟಿಮೈಸ್ ಬಿಡಬೇಡಿ. 3 ಮನಾ, ಒಂದು ಬಲಿ, ಎರಡು ಕ್ರೀಚರ್ ವಾಪಸ್. ತೆಗೆಯುವ ಕಾರ್ಡ್‌ಗಳಲ್ಲಿ ಸ್ವೋರ್ಡ್ಸ್ ಟು ಪ್ಲೌಶೇರ್ಸ್, ಆಂಗ್ವಿಶ್ಡ್ ಅನ್‌ಮೇಕಿಂಗ್, ಮಾರ್ಟಿಫೈ ಇರಲಿ. ಎನ್‌ಚಾಂಟ್‌ಮೆಂಟ್ ತೆಗೆಯುವ ಕಾರ್ಡ್ ಕನಿಷ್ಠ ಮೂರು ಬೇಕು, ಏಕೆ ಅಂತ ಮುಂದೆ ಹೇಳುತ್ತೇನೆ.

ಗ್ರೇವ್ ಪ್ಯಾಕ್ಟ್ ಬಗ್ಗೆ ಒಂದು ಮಾತು. ನಿಮ್ಮ ಕ್ರೀಚರ್ ಸತ್ತಾಗಲೆಲ್ಲ ಉಳಿದವರೂ ಒಂದೊಂದು ಕ್ರೀಚರ್ ಬಲಿ ಕೊಡಬೇಕು. ಭಾರೀ ಶಕ್ತಿ. ಆದರೆ ಅದು ಇಳಿದ ಮೇಲೆ ಯಾರ ಬಳಿಯೂ ಕ್ರೀಚರ್ ಉಳಿಯುವುದಿಲ್ಲ, ಮೂವರಿಗೂ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಆಟ ಎಳೆದಾಡುತ್ತದೆ. ಗೆಲುವು ಹತ್ತಿರ ಇದ್ದಾಗ ಇಳಿಸಿದರೆ ಸರಿ. ಸುಮ್ನೆ ಐದನೇ ಟರ್ನ್‌ನಲ್ಲಿ ಇಳಿಸಿ ಕೂತರೆ ಯಾರಿಗೂ ಮಜಾ ಇಲ್ಲ. ನಾನು ಹಾಕುವುದಿಲ್ಲ.

ಮುಗಿಯದ ಲೂಪ್ ಬೇಕಾ?

ಈ ಬಣ್ಣಗಳಲ್ಲಿ ಲೂಪ್ ಬೇಡ ಅಂದರೂ ಬಂದುಬಿಡುತ್ತದೆ. ಪಿಟಿಲೆಸ್ ಪ್ಲಂಡರರ್ ನಿಮ್ಮ ಬೇರೆ ಕ್ರೀಚರ್ ಸತ್ತಾಗ ಒಂದು ಟ್ರೆಷರ್ (ಒಡೆದರೆ 1 ಮನಾ ಕೊಡುವ ಟೋಕನ್) ಕೊಡುತ್ತಾನೆ. ಟೇಸಾ ಇದ್ದರೆ ಎರಡು. ರೀಅಸೆಂಬ್ಲಿಂಗ್ ಸ್ಕೆಲಿಟನ್ ಎಬ್ಬಿಸಲು ಬೇಕಾಗುವುದೂ ಎರಡೇ. ಸೀಯರ್‌ಗೆ ಸ್ಕೆಲಿಟನ್ ಬಲಿ ಕೊಡಿ, ಎರಡು ಟ್ರೆಷರ್ ಒಡೆಯಿರಿ, ಸ್ಕೆಲಿಟನ್ ವಾಪಸ್, ಮತ್ತೆ ಬಲಿ. ಪಕ್ಕದಲ್ಲಿ ಯಾವುದೇ ಡ್ರೇನ್ ಕಾರ್ಡ್ ಇದ್ದರೆ ಆಟ ಮುಗಿಯಿತು. ಫೈರೆಕ್ಸಿಯನ್ ಆಲ್ಟರ್, ಗ್ರೇವ್‌ಕ್ರಾಲರ್ ಮತ್ತು ಇನ್ನೊಂದು ಜಾಂಬಿ ಸೇರಿದರೂ ಇದೇ ಕಥೆ: ಬಲಿಯಿಂದ 1 ಕಪ್ಪು ಮನಾ, ವಾಪಸ್ ತರಲು 1 ಕಪ್ಪು ಮನಾ.

ಇದನ್ನು ಇಡಬೇಕೋ ಬೇಡವೋ ನಿಮ್ಮ ಟೇಬಲ್‌ಗೆ ಬಿಟ್ಟದ್ದು. ಈ ಆಟ ಹೊರತರುವ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2025ರಲ್ಲಿ ಕಮಾಂಡರ್ ಡೆಕ್‌ಗಳನ್ನು ಶಕ್ತಿಯ ಪ್ರಕಾರ ಐದು ಬ್ರಾಕೆಟ್‌ಗಳಾಗಿ ಹಂಚಿತು. ಆಟ ಶುರುವಾಗುವ ಮೊದಲೇ ‘ನನ್ನ ಡೆಕ್‌ನಲ್ಲಿ ನಾಲ್ಕು ಕಾರ್ಡ್‌ನ ಲೂಪ್ ಒಂದಿದೆ’ ಎಂದು ಹೇಳಿಬಿಡಿ. ಬೇಡ ಅಂದರೆ ಸ್ಕೆಲಿಟನ್ ತೆಗೆದು ಬೇರೆ ಬಲಿಪಶು ಹಾಕಿ, ಡೆಕ್‌ಗೆ ಏನೂ ಕೊರತೆಯಾಗುವುದಿಲ್ಲ.

ಆಡುವಾಗ

ಮೊದಲ ಕೈಯಲ್ಲಿ ಮೂರು ಲ್ಯಾಂಡ್, ಒಂದು ಔಟ್‌ಲೆಟ್, ಒಂದೆರಡು ಬಲಿಪಶು ಇದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮಲ್ಲಿಗನ್ ಮಾಡಿ, ಅಂದರೆ ಆ ಕೈ ಬಿಟ್ಟು ಹೊಸ ಕೈ ಎಳೆಯಿರಿ. ನಾಲ್ವರ ಆಟದಲ್ಲಿ ಮೊದಲ ಮಲ್ಲಿಗನ್‌ಗೆ ದಂಡ ಇಲ್ಲ.

ಇಳಿಸುವ ಕ್ರಮದಲ್ಲಿ ಜಾಣತನ ಇದೆ. ಔಟ್‌ಲೆಟ್ ಮೊದಲು, ಬಲಿಪಶು ಮತ್ತು ಕಾರ್ಡ್ ಎಳೆಯುವವು ಆಮೇಲೆ, ಡ್ರೇನ್ ಕೊನೆಗೆ. ಡ್ರೇನ್ ಕಾರ್ಡ್ ಎಲ್ಲರಿಗೂ ಒಂದೇ ಥರ ಚುಚ್ಚುತ್ತದೆ. ಎರಡನೇ ಟರ್ನ್‌ನಲ್ಲೇ ಕಟ್‌ಥ್ರೋಟ್ ಇಳಿಸಿ ಒಂದೊಂದೇ ಲೈಫ್ ಕೀಳುತ್ತಾ ಕೂತರೆ ಮೂವರ ಕಣ್ಣೂ ನಿಮ್ಮ ಮೇಲೇ. ಬಡಕಲು ಟೋಕನ್‌ಗಳ ಜೊತೆ ಒಬ್ಬ ಸೀಯರ್ ನಿಂತಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಟೇಸಾಳನ್ನೂ ಹಾಗೇ ತಡೆದಿಡಿ. ಅವಳು ಸತ್ತು ಕಮಾಂಡ್ ಜೋನ್‌ಗೆ (ಕಮಾಂಡರ್ ಕಾರ್ಡ್ ಕಾಯುವ ಜಾಗಕ್ಕೆ) ಹೋದರೆ ಮುಂದಿನ ಸಲ 2 ಮನಾ ಜಾಸ್ತಿ.

ಗೆಲ್ಲುವ ಟರ್ನ್ ಹೇಗಿರುತ್ತದೆ ಅಂದರೆ: ನಿಮ್ಮ ಬಳಿ ಸೀಯರ್, ಟೇಸಾ, ಕಟ್‌ಥ್ರೋಟ್, ಕ್ರೂಯಲ್ ಸೆಲೆಬ್ರಂಟ್. ಬಲಿಗೆ ಡೂಮ್ಡ್ ಟ್ರಾವೆಲರ್, ಹಂಟೆಡ್ ವಿಟ್ನೆಸ್, ನಾಲ್ಕು ಟೋಕನ್. ಮೊದಲು ಟ್ರಾವೆಲರ್ ಮತ್ತು ವಿಟ್ನೆಸ್, ಅವರಿಂದ ಎರಡೆರಡು ಟೋಕನ್. ಈಗ ಟೋಕನ್ ಎಂಟು. ಒಟ್ಟು ಹತ್ತು ಸಾವು. ಒಂದು ಸಾವಿಗೆ ಎರಡು ಡ್ರೇನ್, ಟೇಸಾದಿಂದ ಅದು ನಾಲ್ಕು. ಹತ್ತು ಸಲ ನಾಲ್ಕು, 40. ಪೂರ್ತಿ ಲೈಫ್ ಇದ್ದ ಮೂವರೂ ಒಟ್ಟಿಗೇ ಔಟ್. ಅದೇ ಬೋರ್ಡ್‌ನಲ್ಲಿ ಟೇಸಾ ಇಲ್ಲದಿದ್ದರೆ ಎಂಟು ಸಾವು, ತಲಾ 16 ಮಾತ್ರ. ಹಾಗಾಗಿ ಬಲಿ ಶುರು ಮಾಡುವ ಮೊದಲು ಬೆರಳಲ್ಲಿ ಎಣಿಸಿ. ಸಾಲದಿದ್ದರೆ ಆ ಟರ್ನ್ ಕಾಯಿರಿ. ಅರ್ಧಕ್ಕೆ ನಿಂತ ಬಲಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ: ಬೋರ್ಡ್ ಖಾಲಿ, ಎದುರಾಳಿಗಳು ಇನ್ನೂ ಬದುಕಿದ್ದಾರೆ.

ಕೆಲವು ನಿಯಮಗಳು ಈ ಡೆಕ್‌ಗೆ ತುಂಬಾ ಸಹಾಯ ಮಾಡುತ್ತವೆ. ಬಲಿ ಎನ್ನುವುದು ಕೊಡುವ ಬೆಲೆ. ನೀವು ಕೊಟ್ಟಾಗ ಅದನ್ನು ಯಾರೂ ನಡುವೆ ತಡೆಯಲಾರರು. ನಿಮ್ಮ ಕ್ರೀಚರ್‌ಗೆ ಯಾರಾದರೂ ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಹಾಕಿದರೆ, ಅಥವಾ ಕದಿಯಲು ನೋಡಿದರೆ, ತಕ್ಷಣ ಬಲಿ ಕೊಡಿ. ಗುರಿಯೇ ಇಲ್ಲದೆ ಅವರ ಕಾರ್ಡ್ ವ್ಯರ್ಥ. ಬ್ಲಾಕ್ ಮಾಡಿದ ಮೇಲೂ ಬಲಿ ಕೊಡಬಹುದು. ಬ್ಲಾಕರ್ ಹೋದರೂ ಅಟ್ಯಾಕ್ ಮಾಡಿದ ಕ್ರೀಚರ್ ತಡೆದಂತೆಯೇ ಲೆಕ್ಕ, ಟ್ರ್ಯಾಂಪಲ್ (ಬ್ಲಾಕರ್ ಮೀರಿದ ಏಟು ಆಟಗಾರನಿಗೆ ಬೀಳುವ ಗುಣ) ಇಲ್ಲದಿದ್ದರೆ ನಿಮಗೆ ಡ್ಯಾಮೇಜ್ ಇಲ್ಲ. ಟ್ರ್ಯಾಂಪಲ್ ಇದ್ದರೆ ಮಾತ್ರ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ, ಹುಷಾರು.

ಬೋರ್ಡ್ ವೈಪ್ ಬಂದಾಗ ಗಾಬರಿ ಬೇಡ. ಎಲ್ಲ ಒಟ್ಟಿಗೆ ಸತ್ತರೆ ಕಟ್‌ಥ್ರೋಟ್ ತಾನು ಸಾಯುತ್ತಲೇ ಉಳಿದವರ ಸಾವನ್ನೂ ಲೆಕ್ಕ ಹಿಡಿಯುತ್ತದೆ. ಆದರೆ ಫೇರ್‌ವೆಲ್‌ನಂತೆ ಕ್ರೀಚರ್‌ಗಳನ್ನು ಎಕ್ಸೈಲ್ ಮಾಡುವ (ಆಟದಿಂದಲೇ ಹೊರಹಾಕುವ) ಕಾರ್ಡ್ ಬಂದರೆ ಅವು ಸಾಯುವುದಿಲ್ಲ, ಟ್ರಿಗರ್ ಇಲ್ಲ. ಆಗ ಅದು ರಿಸಾಲ್ವ್ ಆಗುವ (ಜಾರಿಗೆ ಬರುವ) ಮೊದಲೇ ಎಲ್ಲವನ್ನೂ ಬಲಿ ಕೊಡಬೇಕು. ಮನಾ ಬೇಡದ ಔಟ್‌ಲೆಟ್‌ಗೆ ನಾನು ಅಷ್ಟು ಒತ್ತು ಕೊಟ್ಟದ್ದು ಈ ಕ್ಷಣಕ್ಕಾಗಿಯೇ.

ನಿಮ್ಮನ್ನು ಕಟ್ಟಿಹಾಕುವ ಕಾರ್ಡ್‌ಗಳು

ರೆಸ್ಟ್ ಇನ್ ಪೀಸ್ ಅತಿ ಕೆಟ್ಟದು. ಅದು ಇರುವ ತನಕ ಕಾರ್ಡ್ ಆಗಲಿ ಟೋಕನ್ ಆಗಲಿ ಗ್ರೇವ್‌ಯಾರ್ಡ್‌ಗೆ ಹೋಗದೆ ಎಕ್ಸೈಲ್ ಆಗುತ್ತವೆ. ಅಂದರೆ ಏನೂ ಸಾಯುವುದಿಲ್ಲ. ನಿಮ್ಮ ಅರ್ಧ ಡೆಕ್ ಅಲ್ಲೇ ನಿಂತುಹೋಗುತ್ತದೆ. ಎನ್‌ಚಾಂಟ್‌ಮೆಂಟ್ ತೆಗೆಯುವ ಕಾರ್ಡ್ ಮೂರಾದರೂ ಬೇಕು ಎಂದದ್ದು ಇದಕ್ಕೇ. ಲೇಲೈನ್ ಆಫ್ ದ ವಾಯ್ಡ್ ನೋಡಲು ಹಾಗೇ ಕಂಡರೂ ಅದು ತಡೆಯುವುದು ಕಾರ್ಡ್‌ಗಳನ್ನು ಮಾತ್ರ. ಟೋಕನ್‌ಗಳು ಎಂದಿನಂತೆ ಸಾಯುತ್ತವೆ, ಹಾಗಾಗಿ ಟೋಕನ್ ನಂಬಿ ಆಟ ಮುಂದುವರಿಸಿ. ಗ್ರಾಫ್‌ಡಿಗರ್ಸ್ ಕೇಜ್ ಗ್ರೇವ್‌ಯಾರ್ಡ್‌ನಿಂದ ಎದ್ದು ಬರುವವರನ್ನು ತಡೆಯುತ್ತದೆ, ಸಾವಿನ ಟ್ರಿಗರ್‌ಗೆ ತೊಂದರೆ ಇಲ್ಲ. ಹಶ್‌ಬ್ರಿಂಗರ್ ಸಾವಿನ ಟ್ರಿಗರ್‌ಗಳನ್ನೇ ಬಂದ್ ಮಾಡುತ್ತದೆ, ಆದರೆ ಅದೊಂದು ಸಣ್ಣ ಕ್ರೀಚರ್, ಕಂಡ ಕೂಡಲೇ ತೆಗೆಯಿರಿ. ಯಾಶಾರ್ನ್ ಇದ್ದರೆ ಸೀಯರ್, ಆಲ್ಟರ್ ಯಾವುದಕ್ಕೂ ಬಲಿ ಕೊಡಲಾಗುವುದಿಲ್ಲ. ಆಗಲೂ ಸ್ಕಲ್‌ಕ್ಲ್ಯಾಂಪ್ ನಡೆಯುತ್ತದೆ, ಏಕೆಂದರೆ ಅಲ್ಲಿ ಬಲಿ ಇಲ್ಲ, ಬರೀ ಸಾವು.

ಒಬ್ಬರೇ ಕೂತು ಪರೀಕ್ಷೆ

ಡೆಕ್ ಜೋಡಿಸಿದ ಮೇಲೆ ಎದುರಾಳಿ ಇಲ್ಲದೆ ಕೆಲವು ಕೈ ಆಡಿ ನೋಡಿ. ಒಂದೇ ವಿಷಯ ಬರೆದಿಟ್ಟುಕೊಳ್ಳಿ: ಔಟ್‌ಲೆಟ್, ಬಲಿಪಶು, ಡ್ರೇನ್ ಮೂರೂ ಒಟ್ಟಿಗೆ ಟೇಬಲ್ ಮೇಲೆ ಬಂದದ್ದು ಯಾವ ಟರ್ನ್‌ನಲ್ಲಿ? ಆರನೇ ಟರ್ನ್ ಒಳಗೆ ಬರುತ್ತಿದ್ದರೆ ಸರಿ. ತಡವಾದರೆ ಯಾವುದಕ್ಕಾಗಿ ಕಾದಿರಿ ಎಂದು ನೋಡಿ. ಔಟ್‌ಲೆಟ್‌ಗಾಗಿ ಕಾದಿದ್ದರೆ ಡ್ರೇನ್ ಒಂದನ್ನು ತೆಗೆದು ಔಟ್‌ಲೆಟ್ ಹಾಕಿ. ಬಲಿಪಶುವಿಗೆ ಕಾದಿದ್ದರೆ 5–6 ಮನಾ ಕಾರ್ಡ್‌ಗಳಲ್ಲಿ ಎರಡನ್ನು ತೆಗೆಯಿರಿ. ಕೈ ಬೇಗ ಖಾಲಿಯಾಗುತ್ತಿದ್ದರೆ ಕಾರ್ಡ್ ಎಳೆಯುವವು ಇನ್ನೆರಡು ಸೇರಿಸಿ. ಒಂದು ಸಲಕ್ಕೆ ಎರಡು ಮೂರು ಕಾರ್ಡ್‌ಗಿಂತ ಜಾಸ್ತಿ ಬದಲಾಯಿಸಬೇಡಿ, ಆಮೇಲೆ ಯಾವ ಬದಲಾವಣೆಯಿಂದ ಏನಾಯಿತು ಎಂದೇ ಗೊತ್ತಾಗುವುದಿಲ್ಲ.